ಫೋನು ಎಂಗೇಜ್ ಇದ್ದ ಮಧ್ಯಾಹ್ನ

ಮೋಡೆಮ್ಮು ಫೋನಿನ ತಂತಿ ಹಿಡಿಯುವಾಗ ಮಾಡುತ್ತಿದ್ದ ಸದ್ದನ್ನು ಈಗಿನ ಹುಡುಗರ ಮುಂದೆ ಬಾಯಿಯಿಂದ ಮಾಡಿ ತೋರಿಸಿದರೆ ನಗುತ್ತಾರೆ. ಮೊದಲು ಕೀಂ ಎಂದು ಎಳೆಯುತ್ತಿತ್ತು, ಆಮೇಲೆ ಖರ್ರ್ ಖರ್ರ್ ಎಂದು ಕೆರೆಯುತ್ತಿತ್ತು, ಕೊನೆಗೆ ತಗಡಿನ ಮೇಲೆ ಜಲ್ಲಿ ಸುರಿದಂತೆ ಸದ್ದಾಗಿ ಥಟ್ಟನೆ ನಿಲ್ಲುತ್ತಿತ್ತು. ನಿಂತಿತೆಂದರೆ ಇಂಟರ್ನೆಟ್ ಸೇರಿತು ಎಂದರ್ಥ. ಈಚೆಗೆ ಒಂದು ಮದುವೆ ಮನೆಯಲ್ಲಿ ಯಾರೋ ಹಳೆಯ ನೆನಪಿಗೆಂದು ಆ ಸದ್ದನ್ನು ಮೊಬೈಲಿನಲ್ಲಿ ಕೇಳಿಸಿದರು. ಎಲ್ಲರೂ ಆಹಾ ಎಂದರು. ನಾನು ಎದ್ದು ಹೊರಗೆ ಹೋದೆ. ಆ ಸದ್ದು ಎಂದರೆ ನನಗೆ ಇವತ್ತಿಗೂ ಭಯ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಬೈಲಹೊಂಗಲದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಬಿ.ಕಾಂ. ಮುಗಿಸಿ ಧಾರವಾಡದಲ್ಲಿ ಒಂದು ಕೋರ್ಸು ಮಾಡಿಕೊಂಡು ಬಂದಿದ್ದೆ. ಮೂರು ಕಂಪ್ಯೂಟರುಗಳಿದ್ದವು, ಮೂರೂ ಬೇರೆಯವರು ಬಳಸಿ ಬಿಟ್ಟವು. ಕಾಲೇಜಿನ ಹುಡುಗಿಯರು, ಸಂಗೊಳ್ಳಿಯ ಕಡೆಯಿಂದ ಬಸ್ಸಿಗೆ ಬರುವ ಒಂದಿಬ್ಬರು, ಹೀಗೆ ಕ್ಲಾಸು ನಡೆಯುತ್ತಿತ್ತು. ಮದುವೆಯ ಮಾತು ಬಂದಾಗಲೆಲ್ಲ ನಾನು ಕ್ಲಾಸಿನ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅದಕ್ಕೆ ಬೆನ್ನಿಗೆ ನಿಂತವರು ಅಪ್ಪ.

ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ಸವಾಲು, ಎಂದರೆ ಹರಾಜು, ಕೂಗುತ್ತಿದ್ದರು. ರೈತರ ಮಾಲನ್ನು ಕಮಿಷನ್ನಿಗೆ ಮಾರಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಅವರ ಕೆಲಸ. ರೈತರು ತಂದ ಹತ್ತಿಯ ಅಂಡಿಗೆ ಚೀಲಗಳ ನಡುವೆ ನಿಂತು, ಖರೀದಿದಾರರ ಮುಖ ನೋಡುತ್ತ ದರ ಏರಿಸುವುದು. ಮೈಕು ಗೀಕು ಏನೂ ಇಲ್ಲ. ಅವರು ಕೂಗಿದರೆ ಯಾರ್ಡಿನ ಗೇಟಿನ ಹೊರಗೆ ಚಹಾ ಕುಡಿಯುತ್ತಿದ್ದವರೂ ತಿರುಗಿ ನೋಡುತ್ತಿದ್ದರು. ಮನೆಗೆ ಬಂದ ಮೇಲೂ ಸಣ್ಣ ದನಿಯಲ್ಲಿ ಮಾತಾಡಲು ಅವರಿಗೆ ಬರುತ್ತಿರಲಿಲ್ಲ. ನೀರು ಕೇಳಿದರೆ ಓಣಿಗೆಲ್ಲ ಕೇಳುತ್ತಿತ್ತು. ಅವ್ವ ಅದಕ್ಕೆ ತದ್ವಿರುದ್ಧ. ಮಾತು ಕಡಿಮೆ. ಫೋನು ಬಂದರೆ ರಿಸೀವರನ್ನು ಮುಟ್ಟದೆ, ದೂರ ನಿಂತು ನನ್ನನ್ನು ಕರೆಯುತ್ತಿದ್ದಳು.

ಆ ಫೋನು ನಮ್ಮ ಓಣಿಗೆಲ್ಲ ಒಂದೇ. ಓಣಿಯ ಲಗ್ನಪತ್ರಿಕೆಗಳಲ್ಲಿ, ದರ್ಜಿಯ ಅಂಗಡಿಯ ಬೋರ್ಡಿನಲ್ಲಿ, ಎಲ್ಲ ಕಡೆ ನಮ್ಮದೇ ನಂಬರು, ಮಗ್ಗುಲಿಗೆ ಪಿ.ಪಿ. ಎಂಬ ಎರಡು ಅಕ್ಷರ. ಎಂದರೆ ಇವರ ಮನೆಗೆ ಫೋನು ಮಾಡಿದರೆ ಕರೆದು ಕೊಡುತ್ತಾರೆ ಎಂದು. ಪಡಸಾಲೆಯಲ್ಲಿ ಫೋನಿನ ಪಕ್ಕ ಸದಾ ಯಾರಾದರೂ ಕುಳಿತಿರುತ್ತಿದ್ದರು. ಆ ತಂತಿಯನ್ನೇ ಗೋಡೆಗೆ ತೂತು ಹಾಕಿ ಮುಂದಿನ ಕೋಣೆಯ ಮೋಡೆಮ್ಮಿಗೂ ಎಳೆದಿದ್ದೆ.

ಒಂದು ಕಂಪ್ಯೂಟರಿಗಷ್ಟೇ ಇಂಟರ್ನೆಟ್ ಸಿಗುತ್ತಿತ್ತು. ಉಳಿದ ಎರಡರ ಮುಂದೆ ಕುಳಿತವರು ಇಣುಕಿ ನೋಡಬೇಕು. ಸವದತ್ತಿಯಲ್ಲಿ ನನ್ನ ಹಾಗೆಯೇ ಕ್ಲಾಸು ನಡೆಸುವ ಗೆಳತಿಯೊಬ್ಬಳಿದ್ದಳು. ಒಂದೇ ಫೋನಿನ ತಂತಿಯನ್ನು ಮೂರೂ ಕಂಪ್ಯೂಟರುಗಳಿಗೆ ಹಂಚುವ ಸಾಫ್ಟ್‌ವೇರ್ ಒಂದಿದೆ, ಪುಕ್ಕಟೆ ಇದೆ, ಇಳಿಸಿಕೊಂಡರೆ ಆಯಿತು ಎಂದು ಅವಳು ಹೇಳಿದಳು. ಇಳಿಸಿಕೊಂಡರೆ ಆಯಿತು! ಇವತ್ತಿನ ಒಂದು ಫೋಟೋದಷ್ಟು ದೊಡ್ಡದಿತ್ತು ಅದು. ಆದರೆ ಆಗಿನ ತಂತಿಯಲ್ಲಿ ಹನಿ ಹನಿಯಾಗಿ ಬರುತ್ತಿತ್ತು. ಅರ್ಧಕ್ಕೆ ಬಂದಾಗ ಪಡಸಾಲೆಯಲ್ಲಿ ಯಾರೋ ರಿಸೀವರ್ ಎತ್ತಿದರೆ ಮುಗಿಯಿತು, ಮತ್ತೆ ಮೊದಲಿನಿಂದ. ಗುಡುಗಿದರೆ ತಂತಿ ಕಿತ್ತಿಡಬೇಕು, ಇಲ್ಲದಿದ್ದರೆ ಸಿಡಿಲು ಮೋಡೆಮ್ಮಿನೊಳಗೇ ಇಳಿಯುತ್ತಿತ್ತು. ವೈರಸ್ಸು ಬಂದು ಮೂರೂ ಕಂಪ್ಯೂಟರುಗಳನ್ನು ತಿಂದುಹಾಕೀತೆಂಬ ಹೆದರಿಕೆ ಬೇರೆ. ಹೆಸರು ಗೊತ್ತಿಲ್ಲದ ಊರಿನಲ್ಲಿ, ಮುಖ ಗೊತ್ತಿಲ್ಲದ ಮನುಷ್ಯ ಒಂದು ವಸ್ತುವನ್ನು ಪುಕ್ಕಟೆ ಯಾಕೆ ಕೊಡುತ್ತಾನೆ ಎಂದು ಅವ್ವ ಕೇಳುತ್ತಿದ್ದಳು. ನಾನು ಸಿಟ್ಟಿನಿಂದ ಕೀಬೋರ್ಡು ಕುಟ್ಟುತ್ತಿದ್ದೆ.

ಓಣಿ ಏಳುವ ಮೊದಲು, ನಸುಕಿನಲ್ಲಿ ಕುಳಿತು ಇಳಿಸುತ್ತಿದ್ದೆ. ಅಪ್ಪ ಹಲ್ಲುಜ್ಜುತ್ತ ಬಂದು ಹಿಂದೆ ನಿಲ್ಲುತ್ತಿದ್ದರು.

"ಇವತ್ತರ ಮಾಲು ಪೂರ್ತಿ ಇಳೀತದೇನವಾ?"

"ಮಾತಾಡಬ್ಯಾಡ್ರಿ ಅಪ್ಪಾ, ಕಟ್ ಆಗತೈತಿ."

"ನಾ ಮಾತಾಡಿದ್ರ ಅದಕ್ಕ ಹೆಂಗ ಕೇಳಸ್ತೈತಿ? ಅದಕ್ಕೇನ್ ಕಿವಿ ಅದಾವೇನು?"

ಕೊನೆಗೆ ಒಂದು ದಿನ ಪರದೆಯ ಮೇಲಿನ ನೀಲಿ ಪಟ್ಟಿ ಮುಕ್ಕಾಲು ದಾಟಿ ಮುಂದೆ ಹೋಯಿತು. ನಾನು ಉಸಿರು ಹಿಡಿದು ಕುಳಿತಿದ್ದೆ. ಅಪ್ಪನಿಗೆ ಹುರುಪು ಬಂತು. ಯಾರ್ಡಿನಲ್ಲಿ ನಿಂತವರ ಹಾಗೆ ಕೈ ಎತ್ತಿ ಸವಾಲು ಕೂಗಲು ಶುರು ಮಾಡಿದರು. "ತೊಂಬತ್ತ ಒಂದ ಸಾರಿ! ತೊಂಬತ್ತೈದ ಒಂದ ಸಾರಿ! ಯಾರರ ಏರಸವ್ರು ಅದೀರೇನ್ರಿ?" ತೊಂಬತ್ತೆಂಟು ಎನ್ನುವಾಗ ದನಿ ಒಡೆದು, ಅಲ್ಲಿಗೇ ನಿಂತಿತು. ಬಾಯಿ ತೆರೆದಿದೆ, ಕೈ ಮೇಲಿದೆ, ಸದ್ದಿಲ್ಲ. ನೀರು ಕುಡಿದು, ನಕ್ಕು, ಕೈಸನ್ನೆಯಲ್ಲೇ ಸವಾಲು ಮುಗಿಸಿದರು. ಸಾಫ್ಟ್‌ವೇರ್ ಇಳಿಯಿತು.

ಸವಾಲು ಕೂಗುವವರ ಗಂಟಲು ಒಡೆಯುವುದು ಯಾರಿಗೂ ಹೊಸದಲ್ಲ. ಹತ್ತಿಯ ಸುಗ್ಗಿ ಮುಗಿಯುವ ಹೊತ್ತಿಗೆ ಯಾರ್ಡಿನಲ್ಲಿ ಎಲ್ಲರ ದನಿಯೂ ಒಡಕಲೇ. ಅದಕ್ಕೇ ಅಪ್ಪನ ಗಂಟಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಜೇಷ್ಠಮಧು ಅಗಿದರು, ಅರಿಶಿನದ ಹಾಲು ಕುಡಿದರು, ಉಪ್ಪುನೀರು ಮುಕ್ಕಳಿಸಿದರು. ಬೇಸಿಗೆ ಬಂದರೂ ದನಿಯ ಒಡಕು ಹೋಗಲಿಲ್ಲ. ಉಸಿರಾಡುವಾಗ ಗೊರ್ ಎಂಬ ಸದ್ದು ಬರತೊಡಗಿದಾಗ ನನ್ನ ಅಣ್ಣ ಅಪ್ಪನನ್ನು ಬೆಳಗಾವಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ತಪಾಸಣೆಗೆ ಎಂದು ಹೋದವರನ್ನು ಅಲ್ಲೇ ಇಟ್ಟುಕೊಂಡರು.

ಅವ್ವ ಜೊತೆಗೆ ಹೋಗಲಿಲ್ಲ. ರಾಮದುರ್ಗಕ್ಕೆ ಕೊಟ್ಟ ನನ್ನ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಳಗಿನ ಕೋಣೆಯಲ್ಲಿ ಕಿವಿಗೆ ಅರಿವೆ ಸುತ್ತಿಕೊಂಡು ಮಲಗಿದ ಹಸಿ ಬಾಣಂತಿಯನ್ನು, ಕೂಸನ್ನು ಬಿಟ್ಟು ತಾಯಿ ಎಲ್ಲಿ ಹೋಗುತ್ತಾಳೆ? ಕೂಸು ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿತ್ತು. ಮೋಡೆಮ್ಮಿನ ಕಿರುಚಾಟ ಕೇಳಿದರೆ ಕಿಟಾರನೆ ಅಳುತ್ತಿತ್ತು. "ಆ ದೆವ್ವದ ಬಾಯಿ ಮುಚ್ಚಸವಾ" ಎಂದು ಅವ್ವ ಅಂದಳೆಂದು ನಾನು ಮೋಡೆಮ್ಮಿನ ದನಿಯನ್ನು ಪೂರ್ತಿ ಬಂದ್ ಮಾಡಿದ್ದೆ. ಅಂದಿನಿಂದ ಅದು ತುಟಿಪಿಟಕ್ಕೆನ್ನದೆ ಕೆಲಸ ಮಾಡುತ್ತಿತ್ತು.

ಹೊಸ ಸಾಫ್ಟ್‌ವೇರ್ ಅದಕ್ಕಿಂತ ಜಾಣ. ಮೂರರಲ್ಲಿ ಯಾವ ಕಂಪ್ಯೂಟರು ಇಂಟರ್ನೆಟ್ ಬೇಡಿದರೂ ಅದು ತಾನಾಗಿಯೇ ಫೋನು ಹಚ್ಚುತ್ತಿತ್ತು. ಯಾರೂ ಒತ್ತಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಬಂದ ಹುಡುಗಿಯರಿಗೆಲ್ಲ ನಾನು ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದೆ.

ಆ ದಿನ ಮುಂಜಾನೆ, ಕ್ಲಾಸಿಗೆ ರಜೆ ಕೊಟ್ಟು ಕಂಪ್ಯೂಟರುಗಳನ್ನು ಸರಿ ಮಾಡುತ್ತ ಕುಳಿತಿದ್ದೆ. ಪಡಸಾಲೆಯಲ್ಲಿ ಫೋನು ಹೊಡೆದುಕೊಂಡಿತು. ಬೆಳಗಾವಿಯ ಆಸ್ಪತ್ರೆಯಿಂದ ಅಣ್ಣ.

"ಅವ್ವ ಹಂತ್ಯಾಕ ಅದಾಳೇನು?"

"ಒಳಗ ಕೂಸಿಗೆ ಎರಿಯಾಕ ಹತ್ಯಾಳ."

"ಹಂಗಾರ ಕೇಳು. ಅಪ್ಪಗ ಉಸರಾಡಾಕ ಭಾಳ ತ್ರಾಸ ಆಗೈತಿ. ಇವತ್ತ ಆಪರೇಷನ್ ಮಾಡತಾರಂತ. ಗಂಟಲದಾಗ ಗಂಟು ಬೆಳದೈತಂತ, ದನಿ ಪೆಟ್ಟಿಗಿನ ತಗೀತಾರ. ಜೀವಕ್ಕ ಏನೂ ಆಗೂದಿಲ್ಲ ಅಂದಾರ. ಆದ್ರ ಮಾತು ಬರೂದಿಲ್ಲ. ಇನ್ನ ಯಾವತ್ತೂ."

ನಾನು ರಿಸೀವರಿನ ಬಾಯಿಗೆ ಕೈ ಅಡ್ಡ ಹಿಡಿದು ಒಳಗಿನ ಕೋಣೆಯ ಕಡೆಗೆ ನೋಡಿದೆ.

"ಅವ್ವಗ ಹೇಳಬ್ಯಾಡ. ತಾವ ಹೇಳತಾರಂತ ಅಪ್ಪ. ಒಳಗ ಕರ್ಕೊಂಡು ಹೋಗೂಕಿನ್ನ ಮೊದಲ ಅಕಿ ಜೋಡಿ ಮಾತಾಡಬೇಕಂತ. ಇಲ್ಲಿ ಎಸ್.ಟಿ.ಡಿ. ಬೂತಿನಾಗ ಪಾಳಿ ಭಾಳ ಐತಿ, ನಾ ಹೆಂಗರ ಮಾಡಿ ಹಚ್ಚತೇನಿ. ನೀ ಫೋನು ಖಾಲಿ ಇಡು. ಕಂಪ್ಯೂಟರ ಹಂತ್ಯಾಕ ಹಾಯಬ್ಯಾಡ."

ಅಪ್ಪನನ್ನು ಯಾವ ಗಳಿಗೆಯಲ್ಲಿ ಒಳಗೆ ಒಯ್ಯುತ್ತಾರೋ ಗೊತ್ತಿರಲಿಲ್ಲ, ಬಸ್ಸಿನಲ್ಲಿದ್ದಾಗಲೇ ಫೋನು ಬಂದರೆ ಅದೂ ತಪ್ಪುತ್ತಿತ್ತು. ಫೋನೊಂದೇ ದಾರಿ. ಮಾತಾಡುತ್ತಿದ್ದಂತೆಯೇ ಕರೆಂಟು ಹೋಯಿತು. ಬೇಸಿಗೆಯಲ್ಲಿ ದಿನವೂ ಹೋಗುತ್ತಿತ್ತು. ಮುಂದಿನ ಕೋಣೆಯಲ್ಲಿ ಮೂರೂ ಪರದೆಗಳು ಕಪ್ಪಾದವು. ಒಳ್ಳೆಯದೇ ಆಯಿತು, ಸತ್ತ ಯಂತ್ರ ಯಾರಿಗೆ ಫೋನು ಮಾಡೀತು ಎಂದುಕೊಂಡೆ. ಆದರೂ ಹೆದರಿಕೆ ತಾಳದೆ, ಯಾರೂ ಹೋಗಿ ಏನೂ ಮುಟ್ಟಬಾರದೆಂದು ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಓಢಣಿಯ ಚುಂಗಿಗೆ ಕಟ್ಟಿಕೊಂಡೆ.

ಅಪ್ಪ ಫೋನಿನಲ್ಲಿ ಮಾತಾಡುತ್ತಾರಂತೆ ಎಂದಷ್ಟೇ ಅವ್ವನಿಗೆ ಹೇಳಿದೆ.

"ನನ್ನ ಜೋಡಿ? ಯಾಕ?"

"ಸುಮ್ನ. ನೆನಪಾಗಿರಬೇಕು."

ಅವ್ವ ನನ್ನ ಮುಖವನ್ನು ನೋಡಿದಳು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಕೂಸಿನ ಎಣ್ಣೆ ಹತ್ತಿದ ಸೀರೆ ಬದಲಿಸಿ ಇಳಕಲ್ ಸೀರೆ ಉಟ್ಟಳು. ತಲೆ ಬಾಚಿ, ವಿಭೂತಿ ಹಚ್ಚಿ, ಹೊಸದಾಗಿ ಕುಂಕುಮ ಇಟ್ಟುಕೊಂಡಳು. ಒಳಗಿನಿಂದ ಅಕ್ಕ ನಕ್ಕಳು. "ಫೋನಿನಾಗ ಸೀರಿ ಕಾಣಸ್ತೈತೇನವಾ?" ಅವ್ವ ನಾಚಿ, ಫೋನಿನಿಂದ ಒಂದು ಮಾರು ದೂರ ಕುಳಿತಳು. ಅಕ್ಕನಿಗೂ ಏನೂ ಗೊತ್ತಿರಲಿಲ್ಲ. ಮೂವರು ಹೆಂಗಸರಲ್ಲಿ ನನಗೊಬ್ಬಳಿಗೇ ಗೊತ್ತು, ಅಪ್ಪನ ದನಿ ಇನ್ನು ಕೆಲವು ಗಳಿಗೆ ಮಾತ್ರ ಎಂದು. ನನಗೆ ಜೋರಾಗಿ ಅಳಬೇಕೆನ್ನಿಸುತ್ತಿತ್ತು. ಅತ್ತರೆ ಅವ್ವನಿಗೆ ತಿಳಿಯುತ್ತಿತ್ತು. ಕಾಲುಂಗುಟದಿಂದ ನೆಲ ಕೆರೆಯುತ್ತ ಕುಳಿತೆ.

ಬಹಳ ಹೊತ್ತಿನ ಮೇಲೆ ಫ್ಯಾನು ಗಿರ್ರನೆ ತಿರುಗಿತು. ಕರೆಂಟು ಬಂತು. ಒಂದಿಷ್ಟು ಹೊತ್ತಿಗೆ ಫೋನು ಸಣ್ಣಗೆ ಟಿಣ್ ಟಿಣ್ ಟಿಣ್ ಎಂದಿತು. ನಾನು ಹಾರಿ ಹತ್ತಿರ ಹೋದೆ. ಪೂರ್ತಿ ಹೊಡೆದುಕೊಳ್ಳಲಿಲ್ಲ. ಯಾರೋ ಬಾಗಿಲು ಬಡಿಯಲು ಬಂದು ಕೈ ಹಿಂದಕ್ಕೆ ತೆಗೆದುಕೊಂಡ ಹಾಗೆ ಸುಮ್ಮನಾಯಿತು.

"ನಿಮ್ಮಪ್ಪಂದ ಇರಬೇಕು," ಅಂದಳು ಅವ್ವ. "ಹತ್ತಲಿಲ್ಲೇನೋ. ಮತ್ತ ಮಾಡತಾರ."

ನನಗೂ ಹಾಗೇ ಅನ್ನಿಸಿತು. ಮೋಡೆಮ್ಮು ಫೋನು ಹಚ್ಚುವಾಗ ನಾನು ಯಾವಾಗಲೂ ಮುಂದಿನ ಕೋಣೆಯಲ್ಲಿರುತ್ತಿದ್ದೆ. ಆಗ ಪಡಸಾಲೆಯ ಫೋನಿನ ಗಂಟೆ ಹೀಗೆ ನಡುಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಶುರುವಾಯಿತು ಕಾಯುವುದು. ಎದುರು ಮನೆಯ ದರ್ಜಿಯ ಹೆಂಡತಿ, ನಾನು ಚಾಚಿ ಎನ್ನುತ್ತಿದ್ದವರು, ಸವದತ್ತಿಯಿಂದ ತಮ್ಮ ಅಣ್ಣನ ಫೋನು ಬರುತ್ತದೆಂದು ಬಂದು ಕುಳಿತರು. ನನಗೆ ಸಿಟ್ಟು ನೆತ್ತಿಗೇರಿತು. ಇವರ ಅಣ್ಣ ಇವತ್ತೇ ಮಾತಾಡಬೇಕೆ? ಆದರೆ ಅವರ ಫೋನೂ ಬರಲಿಲ್ಲ. ಓಣಿಯ ಯಾರ ಫೋನೂ ಬರಲಿಲ್ಲ. ಮಧ್ಯಾಹ್ನದ ಹೊತ್ತು ಬಾಯಿ ಮುಚ್ಚದ ಫೋನು ಆವತ್ತು ಗಪ್ಪಾಗಿ ಕುಳಿತಿತ್ತು. ದೇವರೇ ನಮಗಾಗಿ ಲೈನು ಖಾಲಿ ಇಟ್ಟಿದ್ದಾನೆ ಎಂದು ನಾನು ನಂಬಿದೆ. ನಂಬಿ ಎಲ್ಲಮ್ಮನಿಗೂ ಗುಡ್ಡಕ್ಕೆ ಬರುತ್ತೇನೆಂದು ಹರಕೆ ಹೊತ್ತೆ.

"ಒಮ್ಮೆ ಎತ್ತಿ ನೋಡಬಾರದಾ, ಫೋನು ಚಾಲೂ ಐತೋ ಇಲ್ಲೋ?" ಎಂದರು ಚಾಚಿ.

"ಬ್ಯಾಡ್ರಿ!" ಎಂದು ನಾನು ಕಿರುಚಿದೆ. ಎತ್ತಿದ ಆ ಕ್ಷಣಕ್ಕೇ ಅಪ್ಪ ಅಲ್ಲಿಂದ ಹಚ್ಚಿದರೆ? ಎಂಗೇಜ್ ಎಂದು ಇಟ್ಟುಬಿಟ್ಟರೆ? ಪಾಳಿಯಲ್ಲಿ ಹಿಂದಿನವರು ಕಸಿದುಕೊಂಡರೆ? ನಾನು ಫೋನಿನ ಮೇಲೆ ಕೈ ಇಟ್ಟು ಕಾವಲು ಕುಳಿತೆ. ಯಾರಿಗೂ ಮುಟ್ಟಲು ಬಿಡಲಿಲ್ಲ. ನಡುನಡುವೆ ಅದು ಮತ್ತೆ ಟಿಣ್ ಟಿಣ್ ಎನ್ನುತ್ತಿತ್ತು. ಪ್ರತಿ ಸಲವೂ ಅವ್ವ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ಹೊತ್ತು ಸರಿದಂತೆ ಬೇರೆಯದೇ ಭಯ ಹುಟ್ಟಿತು. ಮಾತಾಡಲಾಗದಷ್ಟು ಉಸಿರು ಕಟ್ಟಿತೇನೋ. ಆಪರೇಷನ್ನಿಗೂ ಮೊದಲೇ ಏನೋ ಆಗಿ, ಅಣ್ಣ ಹೇಳಲಾರದೆ ನಿಂತಿದ್ದಾನೇನೋ.

ಹೊರಗೆ ಲೂನಾ ಗಾಡಿ ಬಂದು ನಿಂತ ಸದ್ದಾಯಿತು. ಅಡತಿ ಅಂಗಡಿಯ ಗುಮಾಸ್ತ ಓಡುತ್ತ ಒಳಗೆ ಬಂದ. ಆ ಹೊತ್ತಿನಲ್ಲಿ ಅಂಗಡಿ ಬಿಟ್ಟು ಬರುವ ಮನುಷ್ಯನಲ್ಲ. ಅವನ ಮುಖ ನೋಡಿದ್ದೇ ಅವ್ವ ಎದ್ದು ನಿಂತು ಗೋಡೆ ಹಿಡಿದುಕೊಂಡಳು. ಅವಳ ಬಾಯಿಂದ ಬಂದದ್ದು ಮಾತಲ್ಲ, ಬರೀ ಒಂದು ಸದ್ದು. ಚಾಚಿ ಅವಳ ತೋಳು ಹಿಡಿದರು.

"ಏನಾಗಿಲ್ಲ ಬಿಡ್ರಿ ಅಕ್ಕಾರ, ಏನಾಗಿಲ್ಲ," ಎಂದ ಅವನು ಏದುಸಿರು ಬಿಡುತ್ತ. "ನಿಮ್ಮ ಫೋನು ಎಂಗೇಜ್ ಐತಂತ. ಒಂದ ಸವನ ಎಂಗೇಜ್. ನಿಮ್ಮ ಮಗಾ ಹಚ್ಚಿ ಹಚ್ಚಿ ಸಾಕಾಗಿ ಅಂಗಡಿಗೆ ಫೋನ್ ಮಾಡ್ಯಾರ. ರಿಸೀವರ್ ಸರಿ ಇಟ್ಟಿಲ್ಲೇನು ನೋಡ್ರಿ."

ರಿಸೀವರ್ ಸರಿಯಾಗಿಯೇ ಇತ್ತು, ನನ್ನ ಕೈಯ ಕೆಳಗೆ. ಎತ್ತಿ ಕಿವಿಗಿಟ್ಟುಕೊಂಡೆ. ಖರ್ರ್ ಎಂದು ಕೆರೆಯಿತು.

ಕೀಲಿ ಕಟ್ಟಿದ ಗಂಟು ಬಿಚ್ಚಲು ಬರಲಿಲ್ಲ. ಓಢಣಿಯ ಸಮೇತ ಕೀಲಿಯನ್ನು ಬೀಗಕ್ಕೆ ತುರುಕಿ ತಿರುವಿದೆ. ಬಾಗಿಲು ತೆರೆದರೆ ಒಳಗೆ ಮೂರೂ ಕಂಪ್ಯೂಟರುಗಳು ಎದ್ದು ಕುಳಿತಿದ್ದವು. ಕರೆಂಟು ಹೋದರೂ, ಮುಂಜಾನೆ ಒತ್ತಿದ ಬಟನ್ನು ಒತ್ತಿದ ಹಾಗೇ ಇತ್ತು. ಕರೆಂಟು ಬಂದ ಕೂಡಲೇ ಎದ್ದಿವೆ, ಮೇಲ್ ಬಂದಿದೆಯೇ ಎಂದು ನೋಡಲು ಇಂಟರ್ನೆಟ್ ಬೇಡಿವೆ, ಸಾಫ್ಟ್‌ವೇರ್ ಫೋನು ಹಚ್ಚಿದೆ. ಒಮ್ಮೆ ಕಟ್ಟಾದರೆ ಮತ್ತೊಮ್ಮೆ ಹಚ್ಚಿದೆ. ಮೋಡೆಮ್ಮಿನ ಕೆಂಪು ದೀಪ ಪಿಳಿಪಿಳಿ ಎನ್ನುತ್ತಿತ್ತು. ಬೀಗ ಹಾಕಿದ ಕೋಣೆಯಲ್ಲಿ, ಯಾರೂ ಇಲ್ಲದೆ, ಬಾಯಿ ಮುಚ್ಚಿಕೊಂಡು, ಅದು ಇಡೀ ಮಧ್ಯಾಹ್ನ ಬೆಳಗಾವಿಗೇ ಫೋನು ಮಾಡುತ್ತಿತ್ತು. ಇಂಟರ್ನೆಟ್ಟಿನ ನಂಬರು ಅಲ್ಲಿಯದೇ. ತಂತಿಯನ್ನು ಗೋಡೆಯಿಂದ ಕಿತ್ತೆ. ಸುಣ್ಣವೂ ಕಿತ್ತು ಬಂತು.

ಪಡಸಾಲೆಗೆ ಬಂದು ರಿಸೀವರ್ ಇಟ್ಟು ಸ್ವಲ್ಪ ಹೊತ್ತಿಗೇ ಫೋನು ಪೂರ್ತಿ ಗಂಟಲಿನಿಂದ ಹೊಡೆದುಕೊಂಡಿತು. ಅವ್ವ ಮೊದಲ ಬಾರಿಗೆ ತಾನೇ ಕೈ ಚಾಚಿದಳು. ಆದರೆ ನಾನು ಎತ್ತಿಬಿಟ್ಟಿದ್ದೆ.

"ಎಲ್ಲಿ ಸತ್ತಿದ್ದಿ?" ಎಂದ ಅಣ್ಣ. ಬೈಗುಳದ ಹಿಂದೆ ಅಳು ಇತ್ತು. "ಒಳಗ ಕರ್ಕೊಂಡು ಹೋದ್ರು. ಈಗ ಹೋದ್ರು."

"ಅಪ್ಪ?"

"ಪಾಳ್ಯಾಗ ನನ್ನ ಜೋಡಿನ ನಿಂತಿದ್ರು. ಎಷ್ಟ ಸಲ ಹಚ್ಚಿದ್ರೂ ಟುಂಯ್ ಟುಂಯ್ ಅಂತಿತ್ತು. ಡಾಕ್ಟರ್ ಕರದ್ರು. ಅಪ್ಪ ರಿಸೀವರ್ ನನ್ನ ಕೈಯಾಗ ಕೊಟ್ಟು ನಕ್ರು. 'ಯಾರ ಜೋಡಿನೋ ಮಾತಾಡಾಕ ಹತ್ಯಾಳ ನಿಮ್ಮವ್ವ. ಮಾತಾಡ್ಲಿ ಬಿಡು' ಅಂದ್ರು. ಅಷ್ಟ. ಆಮ್ಯಾಲ ಏನೂ ಮಾತಾಡಲಿಲ್ಲ."

ಅವ್ವನ ಕೈ ಇನ್ನೂ ಚಾಚಿಯೇ ಇತ್ತು. ರಿಸೀವರನ್ನು ಅವಳಿಗೆ ಕೊಡಲೋ ಬೇಡವೋ ತಿಳಿಯದೆ ನಾನು ಕೆಳಗಿಟ್ಟೆ. ಇನ್ನು ಹೇಳಲೇಬೇಕಿತ್ತು. ಜೀವಕ್ಕೆ ಭಯವಿಲ್ಲ, ಆದರೆ ಅಪ್ಪನಿಗೆ ಇನ್ನು ಮಾತು ಬರುವುದಿಲ್ಲ ಎಂದು ಹೇಳಿದೆ. ಅದನ್ನು ಹೇಳಲೆಂದೇ ಅವರು ಫೋನು ಮಾಡುತ್ತಿದ್ದರು ಎಂದೂ ಹೇಳಿದೆ. ಅವಳು ಅಳಬಹುದು, ನನಗೆ ಬೈಯಬಹುದು, ಆ ಕಂಪ್ಯೂಟರುಗಳನ್ನು ಹೊರಗೆ ಎಸೆ ಎನ್ನಬಹುದು ಎಂದು ಕಾದೆ. ಅವಳು ಒಂದೇ ಮಾತು ಕೇಳಿದಳು.

"ಕಡೀಕ ಏನಂದ್ರಂತ?"

ಹೇಳಿದೆ. ಅವ್ವ ಕುಳಿತುಕೊಂಡಳು.

"ನಾ?" ಎಂದಳು. "ನಾ ಯಾರ ಜೋಡಿ ಮಾತಾಡ್ಲಿ?"

ಆವತ್ತು ಸಂಜೆಯವರೆಗೂ ಅದನ್ನೇ ಅಂದಳು. ಚಾಚಿಗೆ ಅಂದಳು, ಗುಮಾಸ್ತನಿಗೆ ಅಂದಳು, ಕೂಸಿನ ತೊಟ್ಟಿಲು ತೂಗುತ್ತ ಕೂಸಿಗೂ ಅಂದಳು. ಮಾತು ಹೋಯಿತೆಂಬುದಕ್ಕಿಂತ, ಗಂಡ ಒಂದು ಸುಳ್ಳನ್ನು ನಂಬಿಕೊಂಡು ಒಳಗೆ ಹೋದ ಎಂಬುದೇ ಅವಳನ್ನು ತಿನ್ನುತ್ತಿತ್ತು. ಆಪರೇಷನ್ ಸರಿಯಾಗಿದೆ ಎಂದು ಅಣ್ಣ ತಿರುಗಿ ಫೋನು ಮಾಡಿದಾಗ ಎಲ್ಲರೂ ಉಸಿರು ಬಿಟ್ಟರು. ಅವ್ವ ಮಾತ್ರ, ತಾನು ಯಾವಾಗ ಹೋಗಬಹುದು ಎಂದಷ್ಟೇ ನನ್ನಿಂದ ಕೇಳಿಸಿದಳು.

ಬಾಣಂತಿಯನ್ನು ನೋಡಿಕೊಳ್ಳಲು ರಾಮದುರ್ಗದಿಂದ ಅಕ್ಕನ ಅತ್ತೆಯೇ ಬಂದರು. ನಾನು, ಅವ್ವ ಬೆಳಗಾವಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವ್ವ ಕಿಟಕಿಯ ಹೊರಗೆ ನೋಡುತ್ತ ತುಟಿ ಆಡಿಸುತ್ತಿದ್ದಳು. ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. ವಾರ್ಡಿನ ಬಾಗಿಲಲ್ಲಿ ನಾನು ಅವ್ವನ ಹಿಂದೆ ಸರಿದೆ.

ಅಪ್ಪ ದಿಂಬಿಗೆ ಒರಗಿ ಕುಳಿತಿದ್ದರು. ಕುತ್ತಿಗೆಗೆ ಬಿಳಿ ಪಟ್ಟಿ, ಅದರ ನಡುವೆ ಒಂದು ಸಣ್ಣ ನಳಿಕೆ. ಉಸಿರು ಅಲ್ಲಿಂದಲೇ ಸುಯ್ಯೆಂದು ಹೋಗಿ ಬರುತ್ತಿತ್ತು. ನಮ್ಮನ್ನು ಕಂಡು ಕಣ್ಣರಳಿಸಿದರು. ಅವ್ವ ಹೇಗಿದ್ದೀರಿ ಎನ್ನಲಿಲ್ಲ. ಮಂಚದ ಹತ್ತಿರ ಹೋಗಿ, ಇಡೀ ವಾರ್ಡಿಗೆ ಕೇಳುವಷ್ಟು ಜೋರಾಗಿ ಅಂದಳು. ಅವಳ ಅಷ್ಟು ದೊಡ್ಡ ದನಿಯನ್ನು ನಾನು ಅದೇ ಮೊದಲು ಕೇಳಿದ್ದು.

"ನಾ ಯಾರ ಜೋಡೀನೂ ಮಾತಾಡಾಕ ಹತ್ತಿರಲಿಲ್ಲರೀ. ನಿಮ್ಮ ಫೋನು ಬರತೈತಿ ಅಂತ ಅಲ್ಲೇ ಕುಂತಿದ್ದೆ. ಅಲ್ಲೇ ಕುಂತಿದ್ದೆ ನಾ."

ಅಪ್ಪ ಅವಳ ಕೈ ಹಿಡಿದುಕೊಂಡರು. ಅವರ ತುಟಿಗಳು ಅಲುಗಿದವು. ಉದ್ದವಾಗಿಯೇ ಏನೋ ಹೇಳಿದರು. ನಳಿಕೆಯಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಅವ್ವನಿಗೆ ಎಲ್ಲ ಗೊತ್ತಿತ್ತು. ಆದರೂ ಬಗ್ಗಿ, ಅವರ ಬಾಯಿಗೆ ಕಿವಿ ಹಚ್ಚಿ ಕೇಳಿದಳು.

"ಏನಂದ್ರಿ?"